ಕಾವಲಿಯ ತುಕ್ಕು

ನೀಲಮ್ಮ ಪ್ರಯಾಣದ ಗಡಿಬಿಡಿಯಲ್ಲಿ ಕಬ್ಬಿಣದ ದೋಸೆ ಕಾವಲಿಯನ್ನು ತೊಳೆದು, ಒರೆಸದೆಯೇ ಮೂಲೆಗಿಟ್ಟು ಹೋದಳು. ಮರಳಿ ಬರುವಷ್ಟರಲ್ಲಿ ಅದರ ಮೈತುಂಬ ತುಕ್ಕು. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಆದರೂ ಕಾವಲಿಗೆ ಒಲೆ ಏರುವ ಮನಸ್ಸೇ ಇರಲಿಲ್ಲ.

"ಇವತ್ತು ದೋಸೆ ಏಳದಿದ್ದರೆ ಇದನ್ನು ಗುಜರಿಗೆ ಹಾಕುತ್ತೇನೆ," ಎಂದಳು ನೀಲಮ್ಮ.

"ಹಾಕಲಿ ಬಿಡು," ಎಂದಿತು ಕಾವಲಿ.

"ಎಲ್ಲಾ ಸೋಮಾರಿತನ ಕಣೇ," ಎಂದಿತು ಸ್ಟೀಲ್ ತಟ್ಟೆ. "ಮನಸ್ಸು ಗಟ್ಟಿ ಮಾಡಿಕೋ. ಅದೇ ಗಾಳಿಯಲ್ಲಿ ನಾನೂ ಇಲ್ಲವೆ?"

"ನಿನ್ನ ಮೈಯೇ ಬೇರೆ, ತಾಯಿ. ಸುಮ್ಮನಿರು," ಎಂದಿತು ಅರ್ಧ ಈರುಳ್ಳಿ. ಕಾವಲಿಗೆ ಉಜ್ಜಲೆಂದು ನೀಲಮ್ಮ ಅದನ್ನು ಆಗಷ್ಟೇ ಎಣ್ಣೆಯಲ್ಲಿ ಅದ್ದಿದ್ದಳು. ಆಮೇಲೆ ಕಾವಲಿಗೆ ಹೇಳಿತು: "ಅಕ್ಕ, ಒಲೆಯನ್ನು ಉರಿಸುವ ಗಾಳಿಯೇ ನಿನ್ನನ್ನು ತಿನ್ನುತ್ತಿದೆ. ಇದರಲ್ಲಿ ಸೋಮಾರಿತನದ ಮಾತೆಲ್ಲಿ ಬಂತು? ಉಜ್ಜಲೇ?"

"ನೀನು ಕಪ್ಪಾಗುತ್ತೀಯ."

"ನಾನು ಕಪ್ಪಾದಷ್ಟೂ ನೀನು ಉಳಿಯುತ್ತೀಯ."

ಈರುಳ್ಳಿ ಉಜ್ಜಿತು. ಮೊದಲ ದೋಸೆ ಚಿಂದಿಯಾಯಿತು, ತಟ್ಟೆ ನಕ್ಕಿತು. ಈರುಳ್ಳಿ ಮತ್ತೆ ಎಣ್ಣೆಗಿಳಿದು, ಮತ್ತೆ ಉಜ್ಜಿತು. ಎರಡನೆಯದೂ ಹರಿಯಿತು. ಮೂರನೆಯದರ ಅಂಚು ಮೆಲ್ಲಗೆ ತಾನಾಗಿಯೇ ಎದ್ದಿತು.

"ವಾಸಿಯಾಯಿತೇ?" ಎಂದು ಕಾವಲಿ ಕೇಳಿತು.

"ಇವತ್ತಿನ ಮಟ್ಟಿಗೆ," ಎಂದಿತು ಕರಕಲಾದ ಈರುಳ್ಳಿ. "ಗಾಳಿ ನಾಳೆಯೂ ಇರುತ್ತದೆ. ಬುಟ್ಟಿಯಲ್ಲಿ ನನ್ನ ತಮ್ಮಂದಿರಿದ್ದಾರೆ. ಸಂಕೋಚಪಡದೆ ಕರೆ."

ಅಷ್ಟರಲ್ಲಿ ಗುಜರಿಯವನು ಬಾಗಿಲ ಮುಂದೆ ನಿಂತು ಕೂಗಿದ. ಕಾವಲಿ ಚುಂಯ್ ಎನ್ನುತ್ತಿತ್ತು, ಅದಕ್ಕೆ ಕೇಳಿಸಲಿಲ್ಲ.