ಮೂವತ್ತೊಂದನೆಯ ಸರಳು

ನದಿಯ ದಡದಲ್ಲಿದ್ದ ಒಂದು ಪ್ರಯೋಗಶಾಲೆಯಲ್ಲಿ ಚನ್ನವೀರಯ್ಯ ಎಂಬ ಮೇಷ್ಟ್ರಿದ್ದರು. ಮೇದಿನಿ ನಾಲ್ಕು ವರ್ಷದಿಂದ ಅವರ ಶಿಷ್ಯೆ.

ಅಣು ರಿಯಾಕ್ಟರಿನ ಇಂಧನ ಸರಳುಗಳ ಸಂದಿನಲ್ಲಿ ನೀರು ಹರಿಯುತ್ತದೆ. ಅದು ಎಲ್ಲಿ ಎಷ್ಟು ಘರ್ಷಣೆಗೆ ಸಿಕ್ಕಿ ನಿಧಾನವಾಗುತ್ತದೆ, ಎಷ್ಟು ಶಾಖ ಹೊತ್ತೊಯ್ಯುತ್ತದೆ ಎಂದು ಮೊದಲೇ ಹೇಳುವ ಲೆಕ್ಕ ಅವಳದು. ಪರೀಕ್ಷೆಗೆಂದು ಒಂದು ಕೊಳವೆಯೊಳಗೆ ಮೂವತ್ತೇಳು ಸರಳುಗಳ ಕಟ್ಟಿತ್ತು. ಅದರಲ್ಲಿ ಯುರೇನಿಯಂ ಇರಲಿಲ್ಲ, ಕಾಯಿಸಲು ಕರೆಂಟು.

ಮೂವತ್ತಾರು ಸರಳುಗಳು ಅವಳು ಹೇಳಿದಷ್ಟೇ ಬಿಸಿಯಾದವು. ಅಂಚಿನಲ್ಲಿದ್ದ ಮೂವತ್ತೊಂದನೆಯದು ಹದಿನಾಲ್ಕು ಡಿಗ್ರಿ ಹೆಚ್ಚು ಬಿಸಿಯಾಯಿತು.

ಮೇದಿನಿ ಆ ಸರಳಿನ ಪಕ್ಕ ಹರಿಯುವ ನೀರಿನ ಲೆಕ್ಕವನ್ನು ೦.೮ರಿಂದ ಗುಣಿಸಿದಳು. ಹಾಳೆ ಹಿಡಿದು ಬಂದಳು.

"ಈಗ ಎಲ್ಲಾ ಕೂಡಿಬಂತು ಸರ್. ಸೋಮವಾರ ಪರಿಶೀಲನಾ ಸಮಿತಿಯ ಮುಂದೆ ಇಡಬಹುದು."

ಮೇಷ್ಟ್ರು ೦.೮ರ ಮೇಲೆ ಬೆರಳಿಟ್ಟರು.

"ಇವರು ಯಾವ ಕಡೆಯವರು?"

"ಸರ್?"

"ಘರ್ಷಣೆ ಕಡೆಯವರೋ, ಶಾಖದ ಕಡೆಯವರೋ?"

"ಎರಡೂ ಅಲ್ಲ ಸರ್. ಸುಮ್ಮನೆ ಒಂದು ತಿದ್ದುಪಡಿ."

"ಮದುವೆಮನೇಲಿ ಹೀಗೇ ಒಬ್ಬ ಬಂದು ಕೂರ್ತಾನೆ. ಗಂಡಿನವರು ಹೆಣ್ಣಿನ ಕಡೆ ಅಂದ್ಕೋತಾರೆ, ಹೆಣ್ಣಿನವರು ಗಂಡಿನ ಕಡೆ ಅಂದ್ಕೋತಾರೆ. ಎರಡೆರಡು ಹೋಳಿಗೆ ಹಾಕಿಸ್ಕೊಂಡು ಎದ್ದು ಹೋಗ್ತಾನೆ."

ಮೇದಿನಿಗೆ ನಗು ಬಂತು. ನಗಲಿಲ್ಲ.

"ಅದನ್ನ ತೆಗೆದ್ರೆ ಲೆಕ್ಕ ಕೂಡಲ್ಲ ಸರ್."

"ಹಾಗಾದ್ರೆ ಲೆಕ್ಕ ತಪ್ಪು. ಇಲ್ಲವೇ ಕಟ್ಟು ತಪ್ಪು."

"ಯಾವುದು ಅಂತ ಹೇಗೆ ತಿಳಿಯೋದು?"

ಮೇಷ್ಟ್ರು ಡ್ರಾಯರಿನಿಂದ ಒಂದು ಸ್ಪ್ಯಾನರ್ ತೆಗೆದು ಅವಳ ಮುಂದಿಟ್ಟರು.

ಮೇದಿನಿ ಅದನ್ನೇ ನೋಡುತ್ತ ಕುಳಿತಳು. ಕಟ್ಟನ್ನು ಬಿಚ್ಚದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬಿಚ್ಚಿದಾಗ ಸರಳು ನೆಟ್ಟಗಿದ್ದರೆ ಅವಳ ನಾಲ್ಕು ವರ್ಷದ ಲೆಕ್ಕ ಸುಳ್ಳು.

ಕೊನೆಗೆ ೦.೮ನ್ನು ಹೊಡೆದುಹಾಕಿದಳು.

ಫಿಟ್ಟರ್ ಅಂತೋಣಿ ತಲೆ ಕೆರೆದುಕೊಂಡ. "ಬಿಚ್ಚೋದು ಅರ್ಧ ದಿನ ಮೇಡಂ, ಕಟ್ಟೋದು ಮೂರು ವಾರ. ಸಮಿತಿಯವರಿಗೆ ಏನಂತೀರಿ?"

"ತಡ ಆಗುತ್ತೆ ಅಂತೀನಿ. ಆ ಕಡೆ ಬೋಲ್ಟ್ ನೀವು ಹಿಡೀರಿ."

ಮುಚ್ಚಳ ಕಳಚಿ ಬಂತು. ಅಂತೋಣಿ ಟಾರ್ಚ್ ಬಿಟ್ಟು ನೋಡಿ ಶಿಳ್ಳೆ ಹಾಕಿದ.

ಮೂವತ್ತೊಂದನೆಯ ಸರಳು ಹೊರಗಿನ ಕೊಳವೆಯತ್ತ ಒಂದು ಮಿಲಿಮೀಟರ್ ಬಾಗಿತ್ತು. ಅಲ್ಲಿ ನೀರಿಗೆ ದಾರಿ ಕಿರಿದಾಗಿತ್ತು.

ಮೇದಿನಿ ಲೆಕ್ಕದಲ್ಲಿ ಆ ಸಂದಿನ ಅಳತೆಯೊಂದನ್ನೇ ಬದಲಿಸಿದಳು. ಬೇರೇನನ್ನೂ ಮುಟ್ಟಲಿಲ್ಲ. ಈ ಸಲ ಲೆಕ್ಕವೇ ಹೇಳಿತು: ಹದಿನಾಲ್ಕು ಡಿಗ್ರಿ ಹೆಚ್ಚು.

ತಲೆಯ ಮೇಲಿನ ಹೆಲ್ಮೆಟ್ ತೆಗೆಯುವುದನ್ನೂ ಮರೆತು ಅವಳು ಮೇಷ್ಟ್ರ ಕೋಣೆಗೆ ಓಡಿದಳು.

"ಸರ್, ಗೆದ್ದೆ! ಬಾಗಿದ್ದು ಸರಳು. ನನ್ನ ಲೆಕ್ಕ ಅಲ್ಲ!"

"ಸರಳು ನೆಟ್ಟಗಿದ್ದಿದ್ರೆ?"

"ನಾಲ್ಕು ವರ್ಷ ಹೋಗಿರೋದು ಸರ್."

"ಬಿಚ್ಚುವಾಗ ಅದು ಗೊತ್ತಿತ್ತಾ?"

"ಅದೊಂದೇ ಗೊತ್ತಿದ್ದದ್ದು."

ಮೇಷ್ಟ್ರು ಎದ್ದು ನಿಂತರು.

"ನಾಳೆಯಿಂದ ನಿನ್ನ ಲೆಕ್ಕ ನನಗೆ ತೋರಿಸಬೇಡ. ನನ್ನದನ್ನ ತರ್ತೀನಿ, ನೀನು ನೋಡು."