ಜಲ್ಲಿ ಕಾಣದ ಗಾಡಿ

"ಗುರುಗಳೇ, ಏಳು ವರ್ಷಗಳಿಂದ ನನಗೆ ಸಿಟ್ಟು ಬಂದಿಲ್ಲ. ಇನ್ನು ನಾನು ಹೊರಡಬಹುದಲ್ಲವೇ?"

ಹೀಗೆ ಕೇಳಿದವನು ಮಠವೊಂದರ ಶಿಷ್ಯ ನಿರ್ವಾಣಪ್ಪ. ಆ ಮಠಕ್ಕೆ ಸೇರಿದ ಶಾಖೆಯೊಂದು ದೂರದ ಪಟ್ಟಣದಲ್ಲಿತ್ತು. ಅಲ್ಲಿಯ ಭಕ್ತರು ಎರಡು ಪಂಗಡವಾಗಿ ಒಡೆದು ಒಬ್ಬರ ಮುಖ ಒಬ್ಬರು ನೋಡದಂತಾಗಿದ್ದರು. ಶಾಖೆಯ ಬಾಗಿಲಿಗೆ ಎರಡು ಬೀಗ ಬಿದ್ದಿದ್ದವು. ಅವರ ನಡುವೆ ಹೋಗಿ ಕುಳಿತು, ಬೈದರೆ ಬೈಸಿಕೊಂಡು, ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಬಲ್ಲವನೊಬ್ಬ ಬೇಕಾಗಿತ್ತು. ಆ ಕೆಲಸ ತನಗೇ ಸಿಗಬೇಕೆಂದು ನಿರ್ವಾಣಪ್ಪನ ಆಸೆ.

ಏಳು ವರ್ಷಗಳ ಹಿಂದೆ ಅವನು ಮಠದ ದಾಸೋಹದಲ್ಲಿ ಬಡಿಸುತ್ತಿದ್ದ. ಒಂದು ಮಧ್ಯಾಹ್ನ, ಇನ್ನೂರು ಜನ ಎಲೆಯ ಮುಂದೆ ಕುಳಿತಿದ್ದಾಗ, ಅಡುಗೆಯ ಗುರುಪಾದಪ್ಪ ಎಲ್ಲರಿಗೂ ಕೇಳುವಂತೆ ಅಂದ: "ನಿಧಾನ, ಪಂಡಿತರೇ! ಶ್ಲೋಕ ಉದುರಿಸಿದ ಹಾಗೆ ಸಾರು ಉದುರಿಸಬೇಡಿ." ಪಂಕ್ತಿಯೆಲ್ಲ ನಕ್ಕಿತು. ನಿರ್ವಾಣಪ್ಪ ಸೌಟನ್ನು ಅಡುಗೆಯವನ ಕಾಲ ಬುಡಕ್ಕೆ ಎಸೆದು ಹೊರಟುಹೋದ. ಅಂದೇ ಸಂಜೆ ಗುರುಗಳಲ್ಲಿ ಬೇಡಿಕೊಂಡು ಗುಡ್ಡದ ಮೇಲಿನ ಒಂಟಿ ಕೋಣೆಯನ್ನು ಪಡೆದ. ಅಂದಿನಿಂದ ಅವನ ಊಟ ಅಲ್ಲಿಗೇ ಹೋಗುತ್ತಿತ್ತು. ಅಡುಗೆಮನೆಯ ಹೊಸಿಲನ್ನು ಅವನು ಮತ್ತೆ ತುಳಿದಿರಲಿಲ್ಲ.

ಗುರುಗಳು ಪಕ್ಕದ ಚಾಪೆ ತೋರಿಸಿದರು.

"ಕುಳಿತುಕೋ," ಎಂದರು. "ಒಂದು ಗಾಡಿಯ ಕತೆ ಹೇಳುತ್ತೇನೆ."

ಒಬ್ಬ ಶಿಲ್ಪಿ ಇದ್ದ. ಸಮುದ್ರದ ದಡದ ಊರೊಂದರ ಜನ ಅವನಿಂದ ದೇವಿಯ ಮೂರ್ತಿಯನ್ನು ಕೆತ್ತಿಸಿದರು. ಅವರ ಹಳೆಯ ಮೂರ್ತಿ ಉಪ್ಪುಗಾಳಿಗೆ ಸವೆದು, ಕಣ್ಣು ಮೂಗು ಅಳಿಸಿಹೋಗಿತ್ತು. ಅದನ್ನು ನೀರಿಗೆ ಬಿಟ್ಟು, ಎರಡು ವರ್ಷಗಳಿಂದ ಬರಿಯ ಪೀಠಕ್ಕೆ ದೀಪ ಹಚ್ಚುತ್ತಿದ್ದರು. ಶಿಲ್ಪಿ ಒಂದು ವರ್ಷ ಉಳಿ ಕೆಳಗಿಡದೆ ದುಡಿದ. ಅಂಜಬೇಡ ಎಂದು ಎತ್ತಿದ ಬಲಗೈಯೊಂದಕ್ಕೇ ಮೂರು ತಿಂಗಳು ಹಿಡಿಯಿತು. ಬೆರಳು ಬೆರಳಿನ ನಡುವೆ ಬೆಳಕು ಹಾಯುವಂತೆ ಅದನ್ನು ಕೆತ್ತಿದ್ದ. ಪ್ರತಿಷ್ಠೆಗೆ ದಿನ ಗೊತ್ತಾಯಿತು.

ಮೂರ್ತಿಯನ್ನು ಮುಟ್ಟಿಸಬೇಕಾದರೆ ಮೂರು ದಿನದ ದಾರಿ. ಎರಡು ದಿನ ಬಯಲು, ಮೂರನೆಯ ದಿನ ಘಾಟಿ ಇಳಿಯಬೇಕು.

ಶಿಲ್ಪಿಯ ಬಳಿ ಒಂದು ಹಳೆಯ ಪಿಕಪ್ ಗಾಡಿ ಇತ್ತು. ಪ್ರಾಯದಲ್ಲಿ ಕ್ವಾರಿಯಿಂದ ಕಲ್ಲು ತರಲು ಕೊಂಡದ್ದು. ಬರಬರುತ್ತಾ ಕ್ವಾರಿಯವರೇ ಕಲ್ಲನ್ನು ಮನೆಯ ಬಾಗಿಲಿಗೆ ತಂದು ಇಳಿಸತೊಡಗಿದ್ದರಿಂದ ಗಾಡಿಗೆ ಕೆಲಸ ತಪ್ಪಿತ್ತು. ವರ್ಷಗಳಿಂದ ಅದು ಚಪ್ಪರದ ಕೆಳಗೆ ನಿಂತಿತ್ತು. ಕೋಳಿಗಳು ಅದರಲ್ಲಿ ಮೊಟ್ಟೆಯಿಡುತ್ತಿದ್ದವು.

"ಒಂದು ಲಾರಿ ಗೊತ್ತುಮಾಡಿ ಅಂದ್ರೆ," ಎಂದಳು ಅವನ ಹೆಂಡತಿ. "ಕೋಳಿಗೂಡಿನಲ್ಲಿ ದೇವಿಯನ್ನು ಕೂರಿಸಿಕೊಂಡು ಹೋಗ್ತೀರಾ?"

"ನಾನು ಕೆತ್ತಿದ್ದನ್ನು ನಾನೇ ಮುಟ್ಟಿಸುತ್ತೇನೆ," ಎಂದ ಶಿಲ್ಪಿ. "ದಾರಿಯಲ್ಲಿ ಬೀಡಿ ಸೇದುವವನ ಕೈಗೆ ಒಪ್ಪಿಸುವುದಿಲ್ಲ."

ಅವನು ಊರಿನ ಮುದಿ ಮಿಸ್ತ್ರಿಯನ್ನು ಕರೆಸಿದ. ಗಾಡಿ ಹೊಸದಾಗಿದ್ದ ಕಾಲದಿಂದಲೂ ಅದನ್ನು ರಿಪೇರಿ ಮಾಡಿದ ಕೈ ಅದು. ಮಿಸ್ತ್ರಿ ಹದಿನೈದು ದಿನ ಗಾಡಿಯ ಕೆಳಗೇ ಮಲಗಿದ. ಎಂಜಿನ್ ಆಯಿಲ್ ಬದಲಾಯಿಸಿದ. ಬಿರುಕು ಬಿಟ್ಟ ಫ್ಯಾನ್ ಬೆಲ್ಟ್ ತೆಗೆದು ಹೊಸದನ್ನು ಹಾಕಿದ. ರೇಡಿಯೇಟರಿನ ಸೋರಿಕೆಯನ್ನು ಮುಚ್ಚಿದ. ಬ್ಯಾಟರಿ ಹೊಸದು ಬಂತು. ನಾಲ್ಕು ಟೈರು ಹೊಸವು ಬಂದವು, ಸ್ಟೆಪ್ನಿಗೆಂದು ಐದನೆಯದೂ ಬಂತು. ಬ್ರೇಕಿನ ಲೈನರ್ ಹಾಕಿ, ಬ್ರೇಕ್ ಆಯಿಲ್ ತುಂಬಿ, ಗಾಳಿ ತೆಗೆದ. ಶಿಲ್ಪಿ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಒಂದು ನಟ್ಟನ್ನೂ ಎರಡು ಸಲ ನೋಡದೆ ಬಿಡುತ್ತಿರಲಿಲ್ಲ. ಕಲ್ಲಿನಲ್ಲಿ ಕೂದಲೆಳೆಯ ತಪ್ಪನ್ನು ಹಿಡಿಯುವ ಕಣ್ಣು ಅವನದು.

ಮಿಸ್ತ್ರಿಯ ಕೆಲಸ ಮುಗಿದ ಮೇಲೆ ಶಿಲ್ಪಿ ಗಾಡಿಗೆ ಬಣ್ಣ ಹೊಡೆಸಿದ. ಹಿಂದಿನ ತೊಟ್ಟಿಯನ್ನು ತಾನೇ ಕೈಯಾರೆ ಉಜ್ಜಿ, ಕೆಂಪು ಬಣ್ಣ ಬಳಿದ. ಬಣ್ಣ ಒಣಗಿದ ಮೇಲೆ ಅರಿಶಿನದ ನೀರು ಚಿಮುಕಿಸಿ ಮಡಿ ಮಾಡಿದ. ಇನ್ನು ಅದರ ಮೇಲೆ ಏರುವುದು ದೇವಿ ಮಾತ್ರ ಎಂದು ಮನೆಯವರಿಗೆಲ್ಲ ಹೇಳಿದ. ಕೋಳಿಗಳನ್ನು ಓಡಿಸಲು ಹೆಂಡತಿ ಕೋಲು ಹಿಡಿದು ಕಾಯುವಂತಾಯಿತು.

ಆಮೇಲೆ ಪ್ರತಿದಿನ ಬೆಳಿಗ್ಗೆ ಗಾಡಿಯನ್ನು ಹೊರತೆಗೆದು ಕೆರೆಯ ಏರಿಯವರೆಗೆ ಓಡಿಸಿಕೊಂಡು ಬರುತ್ತಿದ್ದ. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಬ್ರೇಕಿನ ಮೇಲೆ ಕಾಲಿಟ್ಟರೆ ನಿಲ್ಲುತ್ತಿತ್ತು. ದಾರಿಯಲ್ಲಿ ನಿಂತವರು "ಇದು ಅದೇ ಗಾಡಿಯಾ?" ಎಂದು ಬೆರಗಾಗುತ್ತಿದ್ದರು. ಎಂಟು ದಿನ ಹೀಗೆ ಓಡಿಸಿದ. ಎಂಟು ದಿನವೂ ಗಾಡಿ ಕೆಮ್ಮಲಿಲ್ಲ, ಕುಂಟಲಿಲ್ಲ.

ಹೊರಡುವ ಹಿಂದಿನ ದಿನ ಮಿಸ್ತ್ರಿ ಬಂದ.

"ಎಲ್ಲ ಸರಿ, ಆಚಾರ್ರೇ. ಭಾರ ಹಾಕಿ ನೋಡಿದಿರಾ?"

"ಹೇಗೆ ನೋಡಲಿ, ಮಿಸ್ತ್ರಿ? ಮೂರ್ತಿ ಒಮ್ಮೆ ಎದ್ದರೆ ಪೀಠ ಸೇರುವ ತನಕ ನೆಲ ಮುಟ್ಟುವಂತಿಲ್ಲ. ಏರಿಸಿ ಇಳಿಸಿ ಆಟವಾಡುವ ವಸ್ತುವೇ ಅದು?"

"ಮೂರ್ತಿಯನ್ನು ಯಾರು ಕೇಳಿದರು? ಅಷ್ಟೇ ತೂಕದ ಜಲ್ಲಿ ತುಂಬಿಸಿ. ಆಚೆಯ ದಿಬ್ಬ ಹತ್ತಿಸಿ, ಒಂದು ಸಲ ಇಳಿಸೋಣ. ನಾನೂ ಜೊತೆಗೆ ಕೂರುತ್ತೇನೆ."

ಶಿಲ್ಪಿ ಕೆಂಪಾಗಿ ಹೊಳೆಯುತ್ತಿದ್ದ ತೊಟ್ಟಿಯ ಕಡೆ ನೋಡಿದ.

"ದೇವಿ ಕೂರುವ ಜಾಗದಲ್ಲಿ ಬೀದಿಯ ಜಲ್ಲಿ ಸುರಿಯುವುದೇ? ಮಡಿ ಮಾಡಿದ್ದೇನೆ. ಬಣ್ಣವೂ ಕಿತ್ತು ಬರುತ್ತದೆ."

"ಬಣ್ಣ ಮತ್ತೆ ಹಚ್ಚಬಹುದು, ಆಚಾರ್ರೇ."

"ಎಂಟು ದಿನ ಓಡಿಸಿದ್ದೇನೆ. ಏನು ಕಡಿಮೆ ಕಂಡಿರಿ ನೀವು?"

"ನನಗೇನೂ ಕಾಣಲಿಲ್ಲ," ಎಂದ ಮಿಸ್ತ್ರಿ. "ನನ್ನ ಕಣ್ಣಿಗೆ ಕಾಣದ್ದನ್ನು ಭಾರ ತೋರಿಸುತ್ತದೆ."

ಶಿಲ್ಪಿ ನಕ್ಕ. ಮಿಸ್ತ್ರಿಗೆ ವಯಸ್ಸಾಯಿತು ಎಂದುಕೊಂಡ. ಎಲೆ ಅಡಿಕೆ ತರಿಸಿ, ಮರ್ಯಾದೆ ಮಾಡಿ ಕಳುಹಿಸಿದ.

ಮರುದಿನ ಹನ್ನೆರಡು ಜನ ಸೇರಿ ಮೂರ್ತಿಯನ್ನು ಏರಿಸಿದರು. ಹುಲ್ಲಿನ ಮೆತ್ತೆಯ ಮೇಲೆ ನಿಲ್ಲಿಸಿ, ಮುಖವನ್ನು ಮುಂದಕ್ಕೆ ಮಾಡಿ, ಹಗ್ಗದಿಂದ ಬಿಗಿದರು. ಗಾಡಿ ಒಂದು ಗೇಣು ಕುಸಿಯಿತು. ಶಿಲ್ಪಿ ಅದನ್ನು ಕಂಡ. ಭಾರಕ್ಕೆ ಕುಸಿಯುವುದು ಸಹಜ ಎಂದು ಸುಮ್ಮನಾದ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹೊರಟರು. ಪಕ್ಕದಲ್ಲಿ ಹೆಂಡತಿ ಕುಳಿತಿದ್ದಳು.

ಎರಡು ದಿನ ಬಯಲಿನ ದಾರಿ ನೀರು ಕುಡಿದಷ್ಟು ಸುಲಭವಾಯಿತು. ಊರು ಬಂದಲ್ಲೆಲ್ಲ ಜನ ಕೈಮುಗಿದರು. ಕೆಲವರು ತೆಂಗಿನಕಾಯಿ ಒಡೆದರು. ಒಬ್ಬ ಮುದುಕಿ ಗಾಡಿ ನಿಲ್ಲಿಸಿ, ಸೆರಗಿನಿಂದ ದೇವಿಯ ಪಾದದ ಧೂಳು ಒರೆಸಿದಳು.

"ನೋಡಿದೆಯಾ, ನಿನ್ನ ಕೋಳಿಗೂಡನ್ನು?" ಎಂದ ಶಿಲ್ಪಿ.

"ಘಾಟಿ ಇಳಿದ ಮೇಲೆ ಕೇಳಿ, ಹೇಳ್ತೀನಿ," ಎಂದಳು ಹೆಂಡತಿ.

ಮೂರನೆಯ ದಿನ ಘಾಟಿ ಬಂತು. ಮೊದಲ ತಿರುವಿನಲ್ಲಿ ಶಿಲ್ಪಿ ಬ್ರೇಕ್ ಒತ್ತಿದ. ಗಾಡಿ ನಿಧಾನವಾಯಿತು, ಆದರೆ ಮನಸ್ಸಿಲ್ಲದೆ ಆದಂತಿತ್ತು. ಎರಡನೆಯ ತಿರುವಿನಲ್ಲಿ ಇನ್ನಷ್ಟು ಒತ್ತಬೇಕಾಯಿತು. ಆ ಎಂಟು ದಿನದಲ್ಲಿ ಒಮ್ಮೆಯೂ ಅವನ ಕಾಲು ಅಷ್ಟು ಬಲವಾಗಿ ಒತ್ತಿರಲಿಲ್ಲ. ಒತ್ತುವ ಪ್ರಸಂಗವೇ ಬಂದಿರಲಿಲ್ಲ. ಬ್ರೇಕಿನ ಎಣ್ಣೆ ಹರಿಯುವ ರಬ್ಬರಿನ ನಳಿಕೆಯೊಂದು ಒಳಗೊಳಗೇ ಹಳತಾಗಿತ್ತು. ಹೊರಗಿನಿಂದ ಅದು ಚೆನ್ನಾಗಿಯೇ ಇತ್ತು. ಮೆಲ್ಲಗೆ ಒತ್ತಿದಷ್ಟು ದಿನವೂ ತಡೆದುಕೊಂಡಿತ್ತು. ಮೂರನೆಯ ತಿರುವಿನಲ್ಲಿ, ದೇಹದ ಬಲವನ್ನೆಲ್ಲ ಕಾಲಿಗಿಟ್ಟು ಒತ್ತಿದಾಗ, ಅದು ಒಡೆಯಿತು. ಪೆಡಲು ನೆಲಕ್ಕೆ ತಾಗಿತು.

"ಏನ್ರೀ, ವೇಗವಾಯ್ತು," ಎಂದಳು ಹೆಂಡತಿ.

ಎಡಕ್ಕೆ ಪ್ರಪಾತವಿತ್ತು, ಬಲಕ್ಕೆ ಗುಡ್ಡ. ಶಿಲ್ಪಿ ಗೇರನ್ನು ಕೆಳಕ್ಕೆಳೆದ. ಹ್ಯಾಂಡ್ ಬ್ರೇಕ್ ಎಳೆದ. ಆದರೂ ಗಾಡಿ ನಿಲ್ಲಲಿಲ್ಲ. ಬೆನ್ನ ಹಿಂದೆ ಹಗ್ಗ ಕಿರ್ರೆಂದಿತು. ತನ್ನ ಕೈಯಾರೆ ಕೆತ್ತಿದ ಕಲ್ಲು ಈಗ ತಮ್ಮಿಬ್ಬರನ್ನೂ ನೂಕುತ್ತಿದೆ ಎಂದು ಅವನಿಗೆ ತಿಳಿಯಿತು. ಎದುರಿಗೆ ಯಾರೂ ಬಾರದಿರಲಿ ಎಂದು ಬೇಡಿಕೊಂಡು, ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿ, ಗುಡ್ಡದ ಮಣ್ಣಿಗೆ ಗಾಡಿಯನ್ನು ಒರಗಿಸಿದ. ಅದು ಮಣ್ಣನ್ನು ಸೀಳಿಕೊಂಡು ಹೋಗಿ ಚರಂಡಿಯಲ್ಲಿ ನಿಂತಿತು.

ಹೆಂಡತಿಯ ಹಣೆ ಒಡೆದಿತ್ತು. ಸೆರಗಿನಿಂದ ಒತ್ತಿ ಹಿಡಿದುಕೊಂಡು ಅವಳು, "ನಾನು ಬದುಕಿದ್ದೀನಿ. ಹಿಂದೆ ನೋಡಿ," ಎಂದಳು.

ಅವನು ಇಳಿದು ಹಿಂದೆ ಹೋದ. ಹಗ್ಗ ಹರಿದಿರಲಿಲ್ಲ. ಮೂರ್ತಿ ನಿಂತೇ ಇತ್ತು. ಒಂದು ಗೇಣು ಮುಂದಕ್ಕೆ ಜಾರಿ ಕ್ಯಾಬಿನ್ನಿಗೆ ತಗುಲಿತ್ತು, ಅಷ್ಟೇ. ತಗುಲಿದ್ದು ಎತ್ತಿದ ಬಲಗೈ. ಮೂರು ಬೆರಳು ಮುರಿದು ಹುಲ್ಲಿನ ಮೇಲೆ ಬಿದ್ದಿದ್ದವು.

ಭಿನ್ನವಾದ ಮೂರ್ತಿ ಪೂಜೆಗೆ ಸಲ್ಲದು. ಅದನ್ನು ಶಿಲ್ಪಿಗೆ ಯಾರೂ ಹೇಳಬೇಕಾಗಿರಲಿಲ್ಲ.

ದಡದ ಊರಿನ ಹಿರಿಯರು ಸುದ್ದಿ ಕೇಳಿ ಮೇಲಕ್ಕೆ ಬಂದರು. ಅವರಲ್ಲಿ ಎಲ್ಲರಿಗಿಂತ ಹಿರಿಯನು ಮೂರ್ತಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಶಿಲ್ಪಿಯ ಹೆಂಡತಿಯ ಕಡೆ ತಿರುಗಿ, "ನೀನು ಉಳಿದೆಯಲ್ಲ ತಾಯೀ, ಅಷ್ಟು ಸಾಕು," ಎಂದ. ಅವರು ಬೈದಿದ್ದರೆ ಶಿಲ್ಪಿಗೆ ಹಗುರವಾಗುತ್ತಿತ್ತು. ದೇವಿಯನ್ನು ದೋಣಿಯಲ್ಲಿ ಕೊಂಡೊಯ್ದು ಆಳವಾದ ನೀರಿಗೆ ಬಿಟ್ಟರು. ಆ ವರ್ಷವೂ ಊರು ಬರಿಯ ಪೀಠಕ್ಕೇ ದೀಪ ಹಚ್ಚಿತು.

ಶಿಲ್ಪಿ ಊರಿಗೆ ಮರಳಿದ. ಗಾಡಿಯನ್ನು ಎಳೆಸಿಕೊಂಡು ಬಂದು ಮಿಸ್ತ್ರಿಯ ಬಾಗಿಲಲ್ಲಿ ನಿಲ್ಲಿಸಿದ.

"ಹದಿನೈದು ದಿನ ಅದರ ಕೆಳಗೆ ಮಲಗಿದ್ದು ನಿದ್ದೆ ಮಾಡಲಿಕ್ಕೋ?" ಎಂದು ಕೂಗಿದ. "ಆ ನಳಿಕೆ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?"

"ಬೀಳಲಿಲ್ಲ," ಎಂದ ಮಿಸ್ತ್ರಿ. "ಅದಕ್ಕೇ ಜಲ್ಲಿ ಕೇಳಿದೆ."

ಅವನು ಎದ್ದು ಗಾಡಿಯ ಹಿಂದಕ್ಕೆ ನಡೆದ. ಹುಲ್ಲನ್ನು ಕೈಯಿಂದ ಸರಿಸಿ, ತೊಟ್ಟಿಯ ಕೆಂಪು ತಳವನ್ನು ತೋರಿಸಿದ.

"ನೋಡಿ, ಆಚಾರ್ರೇ. ಒಂದು ಗೀರೂ ಬಿದ್ದಿಲ್ಲ. ಬಣ್ಣ ಹೇಗಿತ್ತೋ ಹಾಗೇ ಇದೆ."

ಶಿಲ್ಪಿ ರಸ್ತೆಯ ಬದಿಯಲ್ಲಿದ್ದ ಜಲ್ಲಿಯ ರಾಶಿಗೆ ಹೋಗಿ, ಒಂದು ಬುಟ್ಟಿ ತುಂಬಿ ತಂದು, ತಾನೇ ಬಳಿದ ಬಣ್ಣದ ಮೇಲೆ ಸುರಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಿರ್ವಾಣಪ್ಪ ತಲೆ ತಗ್ಗಿಸಿ ಕುಳಿತಿದ್ದ. ಮುರಿದ ಮೂರು ಬೆರಳು ಅವನ ಕಣ್ಣ ಮುಂದಿನಿಂದ ಹೋಗಲಿಲ್ಲ. ಆದರೂ ಅವನೊಳಗೆ ಒಂದು ಮಾತು ಉಳಿದಿತ್ತು.

"ಗುರುಗಳೇ, ಎಂಟು ದಿನ ಆ ಗಾಡಿ ಚೆನ್ನಾಗಿ ಓಡಿದ್ದು ಸುಳ್ಳೇ?"

"ಸುಳ್ಳಲ್ಲ."

"ಹಾಗಾದರೆ ನನ್ನ ಏಳು ವರ್ಷವೂ ಸುಳ್ಳಲ್ಲ. ನಾನು ಪಟ್ಟಣಕ್ಕೆ ಯಾವಾಗ ಹೊರಡಲಿ?"

ಗುಡ್ಡದ ಕೆಳಗೆ ದಾಸೋಹದ ಗಂಟೆ ಮೊಳಗಿತು. ಗುರುಗಳು ಊಟಕ್ಕೆ ಏಳುತ್ತಾ ಹೇಳಿದರು:

"ಗುರುಪಾದಪ್ಪ ಇನ್ನೂ ಅಡುಗೆಮನೆಯಲ್ಲೇ ಇದ್ದಾನೆ."