ಗಂಟೆಯ ನಡುವಿನ ಬಿಡುವು

ಹೊಳೆಯ ಈ ದಂಡೆಯಲ್ಲಿ ಆಶ್ರಮ, ಆ ದಂಡೆಯಲ್ಲಿ ಊರು. ಊರಿನಲ್ಲಿ ಮೂವತ್ತು ನಲವತ್ತು ಕ್ರೈಸ್ತ ಮನೆಗಳಿದ್ದರೂ ಅವರಿಗೆ ಸ್ವಂತದ್ದೊಂದು ಚರ್ಚಿಲ್ಲ, ಗಂಟೆಯಿಲ್ಲ. ಆಶ್ರಮದ ಗಂಟೆಯೇ ನೀರು ದಾಟಿ ಹೋಗಿ ಅವರನ್ನು ಪ್ರಾರ್ಥನೆಗೆ ಎಬ್ಬಿಸಬೇಕು.

ದಿನಕ್ಕೆ ಮೂರು ಸಲ: ಬೆಳಗ್ಗೆ, ನಡುಹಗಲು, ಸಂಜೆ. ಮೂರು ಪೆಟ್ಟು, ಒಂದು ಬಿಡುವು. ಮತ್ತೆ ಮೂರು ಪೆಟ್ಟು, ಒಂದು ಬಿಡುವು. ಮತ್ತೂ ಮೂರು, ಮತ್ತೊಂದು ಬಿಡುವು. ಕಡೆಗೆ ಒಂಬತ್ತು.

ಆ ಬಿಡುವು ಎಷ್ಟು ಹೊತ್ತು ಅಂದರೆ, ಹಗ್ಗ ಹಿಡಿದವನು ಒಂದು ‘ನಮೋ ಮರಿಯ’ ಹೇಳಿ ಮುಗಿಸುವಷ್ಟು. ಗಡಿಯಾರ ನೋಡುವಂತಿಲ್ಲ. ಅವನ ಪ್ರಾರ್ಥನೆಯೇ ಅಳತೆ.

ಆರು ವರ್ಷದಿಂದ ಆ ಹಗ್ಗ ಇನ್ನಾಸಪ್ಪನ ಕೈಯಲ್ಲಿತ್ತು. ಆಶ್ರಮಕ್ಕೆ ಬಂದಾಗ ಅವನಿಗೆ ಮೂವತ್ತು ದಾಟಿತ್ತು. ಇದ್ದ ಮೇಷ್ಟರ ಕೆಲಸ ಬಿಟ್ಟು ಬಂದಿದ್ದ. ಮೊದಲ ವರ್ಷಗಳಲ್ಲಿ ಕಣ್ಣು ಮುಚ್ಚಿದರೆ ಸಾಕು, ಎದೆ ತುಂಬಿ ಬರುತ್ತಿತ್ತು. ಯೇಸುಸ್ವಾಮಿ ಪಕ್ಕದ ಚಾಪೆಯ ಮೇಲೇ ಕೂತಿದ್ದಾರೆ ಅನ್ನಿಸುತ್ತಿತ್ತು.

ಆಮೇಲೆ ಯಾವತ್ತೋ ಅದು ನಿಂತುಹೋಯಿತು. ಯಾವತ್ತು ಎಂದು ಅವನಿಗೇ ಗೊತ್ತಾಗಲಿಲ್ಲ.

ಅವನು ರಾಯಪ್ಪ ಸ್ವಾಮಿಗಳ ಬಳಿ ಹೋದ. ಎಪ್ಪತ್ತೆಂಟರ ಮುದುಕ ಗುರು. ತಲೆಗೆ ಟವಲು ಸುತ್ತಿಕೊಂಡು ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದರು.

“ಸ್ವಾಮಿ, ಪ್ರಾರ್ಥನೆ ಒಣಗಿಹೋಗಿದೆ. ಬಾಯಿ ಹೇಳುತ್ತೆ, ಒಳಗೆ ಏನೂ ಇಲ್ಲ.”

“ಗಂಟೆ ಹೊಡೆದೆಯಾ?” ಅಂದರು ಗುರುಗಳು.

“ಹೊಡೆದೆ.”

“ಸರಿ, ಈ ಸೊಪ್ಪು ತೊಳೆದುಕೊಂಡು ಬಾ.”

ವಾರ ಬಿಟ್ಟು ಮತ್ತೆ ಹೋದ.

“ಸ್ವಾಮಿ, ಕರೆದರೂ ಆತ ಓಗೊಡ್ತಿಲ್ಲ. ನಾನು ಯಾರ ಜೊತೆ ಮಾತಾಡ್ತಿದೀನಿ ಅಂತಲೇ ಗೊತ್ತಾಗ್ತಿಲ್ಲ.”

“ಗಂಟೆ ಹೊಡೆದೆಯಾ?”

ಇನ್ನಾಸಪ್ಪನಿಗೆ ರೇಗಿತು. ದಾರಿ ಕೇಳಿದರೆ ಈ ಮುದುಕ ಗಂಟೆ ಕೇಳುತ್ತಾನಲ್ಲ ಎಂದುಕೊಂಡ. ಗುರುವನ್ನು ಮನಸ್ಸಿನಲ್ಲೇ ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಆ ಸಂಜೆ ಹಗ್ಗ ಹಿಡಿದು ನಿಂತಾಗ ಬಿಡುವಿನಲ್ಲಿ ‘ನಮೋ ಮರಿಯ’ ನಾಲಿಗೆಗೆ ಬರಲಿಲ್ಲ. ಅದರ ಬದಲು ಒಂದರಿಂದ ಇಪ್ಪತ್ತರವರೆಗೆ ಎಣಿಸಿದ. ಲೆಕ್ಕ ಸರಿಹೋಯಿತು. ಯಾರೂ ಏನೂ ಅನ್ನಲಿಲ್ಲ.

ಮಾರನೆಯ ದಿನವೂ ಎಣಿಸಿದ. ಎರಡು ತಿಂಗಳು ಎಣಿಸಿಯೇ ಕಳೆದ.

ಆದರೆ ಒಂದು ಕಾಲದ ಮೇಷ್ಟರ ಮನಸ್ಸು ಅದು, ತಪ್ಪು ಕಂಡರೆ ಸುಮ್ಮನಿರುವುದಿಲ್ಲ. ಒಂದು ಬುಧವಾರ ನಡುಹಗಲಿನ ಗಂಟೆ ಮುಗಿಸಿ ನೇರ ಗುರುಗಳ ಮುಂದೆ ಬಂದು ನಿಂತ.

“ಸ್ವಾಮಿ, ನಂಬಿಕೆಯಿಲ್ಲದೆ ಗಂಟೆ ಹೊಡೆಯೋದು ಸುಳ್ಳು ಹೇಳಿದಂಗೆ ಅಲ್ವಾ?”

“ಯಾರಿಗೆ ಸುಳ್ಳು?”

“ದೇವರಿಗೆ.”

“ಆತ ಕೇಳಿಸಿಕೊಳ್ಳೋದೇ ಇಲ್ಲ ಅಂತ ಅವತ್ತು ನೀನೇ ಅಂದೆಯಲ್ಲಪ್ಪ.”

ಇನ್ನಾಸಪ್ಪನ ಮುಖ ಕೆಂಪಾಯಿತು. ಗುರುಗಳು ನಗಲಿಲ್ಲ. ಎದ್ದು, ಅವನ ತೋಳು ಹಿಡಿದು ಗಂಟೆಯ ಕಂಬದ ಹತ್ತಿರ ಕರೆದುಕೊಂಡು ಹೋದರು. ಹಗ್ಗವನ್ನು ಅವನ ಕಣ್ಣೆದುರಿಗೆ ಹಿಡಿದರು. ಎದೆಯ ಮಟ್ಟದಲ್ಲಿ ಒಂದು ಗೇಣು ಜಾಗ ಜಿಡ್ಡು ಕೂತು ಕಪ್ಪಾಗಿತ್ತು.

“ನಾನು ಬರೋಕೆ ಮುಂಚಿನ ಹಗ್ಗ ಇದು. ಎಷ್ಟು ಕೈ ಹಿಡಿದಿದಾವೋ. ಎಲ್ಲಿ ಹಿಡಿದರು ಅನ್ನೋದು ಕಾಣುತ್ತೆ. ಹಿಡಿದಾಗ ಒಳಗೆ ಏನಿತ್ತು ಅನ್ನೋದು ಎಲ್ಲಾದರೂ ಕಾಣುತ್ತಾ, ನೋಡು.”

“ನನ್ನ ಒಳಗೆ ಏನಿಲ್ಲ ಅನ್ನೋದು ನನಗೆ ಗೊತ್ತಲ್ಲ ಸ್ವಾಮಿ. ಸುಳ್ಳುಗಾರನಾಗಿ ಇಲ್ಲಿರೋದಕ್ಕಿಂತ ಹೋಗೋದೇ ವಾಸಿ. ಶನಿವಾರದ ಬಸ್ಸಿಗೆ ಹೊರಡ್ತೀನಿ.”

ಗುರುಗಳು ಹಗ್ಗ ಬಿಟ್ಟರು. ಅದು ಎರಡು ಸಲ ಆಚೀಚೆ ತೂಗಿ ನಿಂತಿತು.

“ಶನಿವಾರ ಇನ್ನೂ ದೂರ ಇದೆ,” ಅಂದರು.

ಆ ಸಂಜೆ ಇನ್ನಾಸಪ್ಪ ಗಂಟೆ ಹೊಡೆಯಲಿಲ್ಲ.

ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಕಿಟಕಿಯಿಂದ ನೋಡುತ್ತಿದ್ದ. ಬಿಸಿಲು ಆ ದಂಡೆಯ ಹೆಂಚುಗಳಿಂದ ಇಳಿಯಿತು. ದನಗಳು ನೀರು ಕುಡಿದು ಮೇಲೆ ಹತ್ತಿದವು. ಹರಿಗೋಲು ಕಡೆಯ ಸಲ ದಾಟಿತು. ಗಂಟೆಯ ಹೊತ್ತು ಬಂತು, ಹೋಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ರಾಯಪ್ಪ ಸ್ವಾಮಿಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಗಂಟೆಯಾಗುವಾಗ ಟವಲು ತೆಗೆದು ತಲೆ ಬರಿದು ಮಾಡುವುದು ಅವರ ಅಭ್ಯಾಸ. ಆವತ್ತೂ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಪೂರ್ತಿ ಕತ್ತಲಾಗುವ ತನಕ ಹಾಗೇ ಕೂತಿದ್ದರು. ತೂಕಡಿಸುತ್ತಿದ್ದಾರೆ ಅಂದುಕೊಂಡ ಇನ್ನಾಸಪ್ಪ.

ಊಟಕ್ಕೆ ಕೂತಾಗ ಮುದ್ದೆ, ಹುರುಳಿ ಸಾರು. ಗುರುಗಳು ಬೈಯುತ್ತಾರೆ ಎಂದು ಕಾದ. ಬೈದರೆ ಹಿಂದಿರುಗಿಸಲು ಉತ್ತರವನ್ನೂ ಜೋಡಿಸಿ ಇಟ್ಟುಕೊಂಡಿದ್ದ. ಅವರು ಸಾರಿಗೆ ಉಪ್ಪು ಕೇಳಿದರು, ಅಷ್ಟೇ.

ಗಂಟೆ ಹೊಡೆದೆಯಾ ಎಂದು ಆವತ್ತು ಕೇಳಲಿಲ್ಲ. ಆ ಒಂದು ಮಾತು ಕೇಳದಿದ್ದದ್ದು ಅವನಿಗೆ ಯಾಕೋ ಚುಚ್ಚಿತು.

ಬೆಳಗ್ಗೆ, ಗಂಟೆಗೆ ಇನ್ನೂ ಹೊತ್ತಿರುವಾಗಲೇ, ಹರಿಗೋಲು ಈ ದಂಡೆಗೆ ಬಂತು. ಅದರಿಂದ ಇಳಿದವಳು ಸಗಾಯಮ್ಮ. ತಲೆ ಬಾಚಿರಲಿಲ್ಲ, ಕಣ್ಣು ಬಾತಿತ್ತು. ಅವಳ ತಾಯಿ ಮದಲೇನಮ್ಮ ವರ್ಷದಿಂದ ಹಾಸಿಗೆ ಹಿಡಿದಿದ್ದಳು.

“ಸ್ತೋತ್ರ ಅಣ್ಣ,” ಎಂದು ಕೈ ಮುಗಿದಳು. “ಅವ್ವ ಹೋಗ್ಬುಟ್ಳು. ಕೋಳಿ ಕೂಗೋ ಹೊತ್ನಲ್ಲಿ.”

ಇನ್ನಾಸಪ್ಪ ಶಿಲುಬೆ ಗುರುತು ಹಾಕಿದ. ಕೈ ತಾನಾಗಿಯೇ ಹಾಕಿತು.

“ಸ್ವಾಮಿಗೋಳ್ಗೆ ಹೇಳು. ಮಣ್ಣು ಮಧ್ಯಾಹ್ನಕ್ಕೆ. ಸಾವಿನ ಗಂಟೆ ಹೊಡೆದ್ರೆ ಆಚೆ ಕೊಪ್ಪಲ ನೆಂಟ್ರಿಗೂ ಗೊತ್ತಾಯ್ತದೆ.” ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು: “ನಿನ್ನೆ ಸಂಜೆ ಗಂಟೆಗೆ ಏನಾಗಿತ್ತಣ್ಣ?”

“ಹಗ್ಗ ಕಿತ್ತುಹೋಗಿತ್ತು,” ಅಂದ.

ಸುಳ್ಳು ಬೇಡವೆಂದು ಗಂಟೆಯನ್ನೇ ಬಿಟ್ಟವನು ಅವನು. ಕೇಳಿದ ಮೊದಲ ಪ್ರಶ್ನೆಗೆ ಬಾಯಿಂದ ಬಂದದ್ದು ಸುಳ್ಳು. ನಾಲ್ಕೇ ಮಾರು ದೂರದಲ್ಲಿ ಹಗ್ಗ ಗಟ್ಟಿಮುಟ್ಟಾಗಿ ನೇತಾಡುತ್ತಿತ್ತು. ಸಗಾಯಮ್ಮ ಅದನ್ನು ನೋಡಿದಳು. ನೋಡಿ ಸುಮ್ಮನಾದಳು, ಪುಣ್ಯಾತ್ಗಿತ್ತಿ.

“ಅವ್ವ ಗಂಟೆಯಾಗ್ದೆ ಸಂಜೆ ಗಂಜಿ ಮುಟ್ಟೋಳಲ್ಲ ಕಣಣ್ಣ,” ಅಂದಳು. “ನಿನ್ನೇನೂ ಹಂಗೇ. ‘ಗಂಟೆ ಆಗ್ಲಿ ತಡಿ, ಪ್ರಾರ್ಥ್ನೆ ಹೇಳಿ ಕುಡೀತೀನಿ’ ಅಂದ್ಳು. ಕತ್ಲಾಯ್ತು. ‘ಆಯ್ತು ಕಣವ್ವ, ನೀನು ಜೋಂಪು ಹತ್ತಿದ್ದಾಗ ಹೊಡುದ್ರು’ ಅಂದೆ. ‘ನನ್ ಕಾಲು ಸತ್ತದೆ, ಕಿವಿ ಸತ್ತಿಲ್ಲ ಕಣೆ’ ಅಂದ್ಳು.”

ಇನ್ನಾಸಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ.

“ಇನ್ನೊಂದು ಮಾತು. ಹೇಳ್ಬೇಕೋ ಬ್ಯಾಡ್ವೋ. ಎರಡು ತಿಂಗ್ಳಿಂದ ಅವ್ವ ಹೇಳೋಳು, ‘ಆ ಇನ್ನಾಸಿಗೆ ಏನೋ ಆಗದೆ ಕಣೆ. ಮೊದ್ಲು ಬಿಡುವು ಒಂದಿನ ಉದ್ದ, ಒಂದಿನ ತುಂಡ. ಮನುಷ್ಯ ಪ್ರಾರ್ಥ್ನೆ ಹೇಳುದ್ರೆ ಹಂಗೇ ಅಲ್ವಾ. ಈಗ ಒಂದೇ ಸಮ. ಅವನು ಹೇಳ್ತಿಲ್ಲ, ಎಣಿಸ್ತಾವ್ನೆ’ ಅನ್ನೋಳು.”

ಹೊಳೆಯ ಮೇಲೆ ಮಂಜು ಇನ್ನೂ ಹಾಗೇ ನಿಂತಿತ್ತು. ಅವನಿಗೆ ತಲೆ ಎತ್ತಲಾಗಲಿಲ್ಲ.

“ಬೈತಿದ್ದಳಾ?” ಎಂದು ಕೇಳಿದ.

“ಯಾಕೆ ಬಯ್ಯಾಳು? ಪ್ರತಿ ಬಿಡುವಿಗೂ ತನ್ನದೊಂದು ಹೇಳಿ, ಬಿರಬಿರನೆ ಇನ್ನೊಂದು ಹೇಳೋಳು. ‘ಇದು ಆ ಮಗಂದು, ಅವನ ಬಾಯಿಗೆ ಬರೋಗಂಟ ನಾನೇ ಹೇಳ್ತೀನಿ’ ಅನ್ನೋಳು. ನಿನ್ನೆ ಗಂಟೆಯಾಗ್ಲಿಲ್ಲ ನೋಡು, ‘ಅವನಿಗೆ ಇವತ್ತು ಹಗ್ಗ ಹಿಡಿಯೋಕೂ ಕೈ ಬಂದಿಲ್ಲ, ಜಪಸರ ಕೊಡು’ ಅಂದ್ಳು. ಅದನ್ನ ಹಿಡ್ಕೊಂಡೇ ಹೋದ್ಳು. ಗಂಜಿ ಹಂಗೇ ಉಳೀತು.”

ಅವಳು ಹರಿಗೋಲು ಹತ್ತಿದಳು. ಮನೆಯಲ್ಲಿ ಹೆಣ ಇಟ್ಟುಕೊಂಡು ಬಂದವಳು, ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ.

ಇನ್ನಾಸಪ್ಪ ಬೆಳಗಿನ ಗಂಟೆಯ ಬದಲು ಸಾವಿನ ಗಂಟೆ ಹೊಡೆದ. ಬಿಟ್ಟು ಬಿಟ್ಟು ಒಂದೊಂದೇ ಪೆಟ್ಟು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಅವನಿಗೆ ಬುದ್ಧಿಯೂ ಬಂದಿರಲಿಲ್ಲ, ಬರೀ ಅಳು ಬಂದಿತ್ತು. ದನಿ ನೀರು ದಾಟಿ ಹೋಗಿ ಆ ಮನೆಯ ಮಾಡಿನ ಮೇಲೆ ಬೀಳುವುದನ್ನು ನೆನೆದ. ಒಳಗೆ ಮಲಗಿದ್ದವಳಿಗೆ ಈಗ ಎಷ್ಟು ಹೊಡೆದರೂ ಕೇಳುವಂತಿರಲಿಲ್ಲ.

ನಡುಹಗಲಿನ ಗಂಟೆಯ ಹೊತ್ತಿಗೆ ಗುರು ಶಿಷ್ಯರಿಬ್ಬರೂ ಆ ದಂಡೆಯಲ್ಲಿದ್ದರು. ಪೂಜೆಯಾಯಿತು. ಮಣ್ಣಾಯಿತು. ಇನ್ನಾಸಪ್ಪ ಮೂರು ಹಿಡಿ ಮಣ್ಣು ಹಾಕಿದ. ಮುದುಕಿಯ ಬೆರಳುಗಳಿಗೆ ಸುತ್ತಿದ್ದ ಜಪಸರವನ್ನು ಯಾರೂ ಬಿಡಿಸಿರಲಿಲ್ಲ.

ಹಿಂದಿರುಗಿ ಬರುವಾಗ ಸಂಜೆ. ರಾಯಪ್ಪ ಸ್ವಾಮಿಗಳು ಏದುಸಿರು ಬಿಡುತ್ತಾ ಹೊಳೆಯ ಮೆಟ್ಟಿಲ ಮೇಲೆ ಕೂತರು. ಇನ್ನಾಸಪ್ಪ ಅವರ ಕಾಲ ಬಳಿ ಕೂತು ಸಗಾಯಮ್ಮ ಹೇಳಿದ್ದೆಲ್ಲವನ್ನೂ ಹೇಳಿದ. ತಾನು ಎಣಿಸಿದ್ದನ್ನು ಹೇಳಿದ, ಹಗ್ಗ ಕಿತ್ತಿತ್ತು ಅಂದದ್ದನ್ನೂ ಬಿಡಲಿಲ್ಲ.

ಗುರುಗಳು ತಿರುಗಿ ಗಂಟೆಯ ಕಂಬದ ಕಡೆ ನೋಡಿದರು.

“ನಾನೇ ಎದ್ದು ಹೋಗಿ ಹೊಡೀಬಹುದಿತ್ತು,” ಅಂದರು. “ಹತ್ತು ಹೆಜ್ಜೆ. ನೀನು ಬರ್ತೀಯ, ಈಗ ಬರ್ತೀಯ ಅಂತ ಕೂತೆ. ಆ ಗಂಜಿ ಉಳಿದದ್ದರಲ್ಲಿ ನನ್ನ ತಪ್ಪೂ ಇದೆ.”

“ತಪ್ಪು ನನ್ನದು ಸ್ವಾಮಿ. ಈ ಹಗ್ಗ ಹಿಡಿಯೋ ಯೋಗ್ಯತೆ ನನಗಿಲ್ಲ.”

“ಇಲ್ಲ,” ಅಂದರು ಗುರುಗಳು. “ಯಾರಿಗಿತ್ತು?”

“ನಾನು ಬಿಟ್ಟಿದ್ದನ್ನ ಅವಳು ಹೇಳ್ತಿದ್ದಳು. ನನಗೆ ಗೊತ್ತೇ ಇರಲಿಲ್ಲ. ಇನ್ನು ಮೇಲೆ ನನ್ನ ಪಾಲಿಂದು ಯಾರು ಹೇಳ್ತಾರೆ?”

“ಅವಳ ಪಾಲಿಂದು ಯಾರು ಹೇಳ್ತಾರೆ?”

ಬಿಸಿಲು ಆ ದಂಡೆಯ ಹೆಂಚುಗಳಿಂದ ಇಳಿಯುತ್ತಿತ್ತು. ಇನ್ನಾಸಪ್ಪ ಕಣ್ಣೊರೆಸಿಕೊಂಡು, ಆರು ವರ್ಷದಿಂದ ನಂಬಿಕೊಂಡು ಬಂದಿದ್ದ ಮಾತೊಂದನ್ನು ಆಡಿದ.

“ನನಗೆ ಇಲ್ಲದಿದ್ದರೂ ನಿಮಗಾದರೂ ಆತ ಓಗೊಡ್ತಾನಲ್ಲ ಸ್ವಾಮಿ. ಅದೊಂದೇ ನನಗೆ ಧೈರ್ಯ.”

ರಾಯಪ್ಪ ಸ್ವಾಮಿಗಳು ನೀರನ್ನೇ ನೋಡುತ್ತಿದ್ದರು.

“ಹನ್ನೊಂದು ವರ್ಷ ಆಯ್ತು,” ಅಂದರು.

“ಏನು ಹನ್ನೊಂದು ವರ್ಷ?”

“ಆತ ಓಗೊಟ್ಟು.”

ಇನ್ನಾಸಪ್ಪ ಬೆಚ್ಚಿ ಅವರ ಮುಖ ನೋಡಿದ. ದಿನಾ ಕಾಣುತ್ತಿದ್ದ ಮುಖವೇ. ಸೊಪ್ಪು ಬಿಡಿಸುವಾಗ, ಪೂಜೆ ಮಾಡುವಾಗ, ಸತ್ತವರ ಹಣೆಗೆ ಶಿಲುಬೆ ಗುರುತು ಹಾಕುವಾಗ ಇದ್ದ ಮುಖವೇ. ತಾನು ಆ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ ಅನ್ನಿಸಿ ಅವನಿಗೆ ನಾಚಿಕೆಯಾಯಿತು.

“ಮತ್ತೆ ಇಷ್ಟು ವರ್ಷ ಹೇಗೆ ಹಿಡಿದುಕೊಂಡಿದ್ದೀರಿ ಸ್ವಾಮಿ?”

ಗುರುಗಳು ತಲೆಯ ಟವಲು ತೆಗೆದರು. ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರು.

“ಹೊತ್ತಾಯ್ತು, ಏಳು ಇನ್ನಾಸಪ್ಪ,” ಅಂದರು. “ನಿನ್ನೆ ಸಂಜೆ ಗಂಟೆಗೆ ಕಾದದ್ದು ಮದಲೇನಮ್ಮ ಒಬ್ಬಳೇ ಅಲ್ಲ.”